ದರ್ಗಾದ ಕಟ್ಟೆಯ ಮೇಲಿನ ವಿದ್ವತ್ತು

ಇಸ್ಲಾಮಿನ ವಿದ್ವಾಂಸರು ಎಂದರೆ ಅರಬ್ಬಿ, ಫಾರಸಿ ಗ್ರಂಥಗಳ ನಡುವೆ ಕೂತ ಹಿರಿಯರೇ ನಮಗೆ ನೆನಪಾಗುವುದು. ವೇಲೂರಿನ ಬಾಖಿಯಾತುಸ್ಸಾಲಿಹಾತ್, ಬೆಂಗಳೂರಿನ ಸಬೀಲುರ್ರಷಾದ್ ಅರಬ್ಬಿ ಕಾಲೇಜುಗಳಲ್ಲಿ ಆ ಪರಂಪರೆ ಇವತ್ತಿಗೂ ಗಟ್ಟಿಯಾಗಿದೆ. ರಹಮತ್ ತರೀಕೆರೆಯವರು ಬಂದ ದಾರಿ ಬೇರೆ. ಅವರು ಕನ್ನಡ ಮೇಷ್ಟ್ರು. 1959ರಲ್ಲಿ ತರೀಕೆರೆ ತಾಲ್ಲೂಕಿನ ಸಮತಳದಲ್ಲಿ ಹುಟ್ಟಿದರು, ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪಾಠ ಹೇಳಿದರು. ವಿಮರ್ಶಕರೆಂದು ಹೆಸರಾಗಿದ್ದವರು 1998ರಲ್ಲಿ ‘ಕರ್ನಾಟಕದ ಸೂಫಿಗಳು’ ಪುಸ್ತಕ ಕೊಟ್ಟರು. ಕನ್ನಡ ನಾಡಿನ ಇಸ್ಲಾಮನ್ನು ಅರಿಯಲು ಕನ್ನಡವೇ ಒಂದು ದೊಡ್ಡ ಆಕರ ಎಂಬುದನ್ನು ಆ ಪುಸ್ತಕ ಮಾಡಿ ತೋರಿಸಿತು. ಆ ಕೆಲಸದ ಕಸುಬುಗಾರಿಕೆ ಎಂಥದೆಂದು ನಿಧಾನವಾಗಿ ನೋಡಬೇಕು.

ಕಲಬುರಗಿಯ ಖ್ವಾಜಾ ಬಂದೇನವಾಜರ ವಿಷಯದಲ್ಲಿ ಚರಿತ್ರೆಕಾರನಿಗೆ ಹೆಚ್ಚು ಕಷ್ಟವಿಲ್ಲ. ದೆಹಲಿಯ ಚಿಶ್ತಿ ಗುರು ನಸೀರುದ್ದೀನ್ ಚಿರಾಗ್ ಅವರ ಶಿಷ್ಯರು, ಬಹಮನಿ ಸುಲ್ತಾನ ಫಿರೋಜ್ ಶಾಹನ ಕಾಲಕ್ಕೆ ಕಲಬುರಗಿಗೆ ಬಂದವರು, 1422ರಲ್ಲಿ ತೀರಿಕೊಂಡವರು. ಗುರುಶಿಷ್ಯರ ಸಿಲ್ಸಿಲಾ ಇದೆ, ಅವರ ಮಾತುಗಳನ್ನು ಶಿಷ್ಯರು ಬರೆದಿಟ್ಟ ಸಂಗ್ರಹಗಳಿವೆ, ಆಸ್ಥಾನದ ಬರಹಗಳಿವೆ. ಆದರೆ ಹೊಲದ ಬದುವಿನಲ್ಲಿ, ಬೇವಿನ ಮರದಡಿ, ಕೋಟೆ ಬಾಗಿಲಲ್ಲಿ ಹಸಿರು ಚಾದರ ಹೊದ್ದು ಮಲಗಿರುವ ಪೀರರಿಗೆ ಹುಟ್ಟಿದ ವರ್ಷವಿಲ್ಲ, ಸತ್ತ ತಾರೀಖಿಲ್ಲ. ಇರುವುದು ದರ್ಗಾ ನೋಡಿಕೊಳ್ಳುವ ಮುಜಾವರರು ಹೇಳುವ ಒಂದು ಕಥೆ, ಉರುಸಿನಲ್ಲಿ ಗಂಧ ಹೊರುವ ಮನೆತನಗಳ ಹಕ್ಕು, ಓದಿಕೆ ಮಾಡಿಸಲು ಸಕ್ಕರೆ ತಂದ ಹೆಂಗಸರ ಹರಕೆ. ದಾಖಲೆ ಬೇಡುವ ಚರಿತ್ರೆಕಾರ ಎದ್ದು ಹೊರಡುವುದು ಇಲ್ಲೇ. ತರೀಕೆರೆಯವರ ಬಗೆಯ ಸಂಶೋಧನೆ ಶುರುವಾಗುವುದೂ ಇಲ್ಲೇ.

ಒಂದು ಕಥೆಯನ್ನೇ ತೆಗೆದುಕೊಳ್ಳಿ. ಒಬ್ಬ ಸಿದ್ಧ ಹುಲಿಯ ಮೇಲೆ ಕೂತು, ಹಾವನ್ನು ಚಾವಟಿ ಮಾಡಿಕೊಂಡು ಇನ್ನೊಬ್ಬನನ್ನು ನೋಡಲು ಬರುತ್ತಾನೆ. ಆ ಇನ್ನೊಬ್ಬ ತಾನು ಕೂತಿದ್ದ ಮೋಟುಗೋಡೆಯನ್ನೇ ನಡೆಸಿಕೊಂಡು ಎದುರುಗೊಳ್ಳುತ್ತಾನೆ. ಮಹಾರಾಷ್ಟ್ರದಲ್ಲಿ ಇದು ಚಾಂಗದೇವ ಮತ್ತು ಜ್ಞಾನೇಶ್ವರರ ಕಥೆ. ಸೂಫಿಗಳಲ್ಲೂ ಇದೇ ಕಥೆ ಬೇರೆ ಬೇರೆ ಹೆಸರುಗಳಲ್ಲಿ ಓಡಾಡುತ್ತದೆ. ಇದು ನಡೆದದ್ದು ನಿಜವೇ ಎಂದು ಕೇಳಿದರೆ ಕೈಗೆ ಏನೂ ಹತ್ತದು. ಹುಲಿಯ ಮೇಲಿದ್ದವನು ಯಾವ ಪಂಥದವನು, ಗೋಡೆಯ ಮೇಲೆ ಯಾರನ್ನು ಕೂರಿಸಿದ್ದಾರೆ, ಕಥೆ ಹೇಳುತ್ತಿರುವವರು ಯಾರ ಕಡೆಯವರು ಎಂದು ಕೇಳಿದರೆ ಮಾತ್ರ ಕಥೆ ಬಾಯಿಬಿಡುತ್ತದೆ. ಆ ಊರಿಗೆ ಯಾರು ಮೊದಲು ಬಂದರು, ಯಾರ ಮಹಿಮೆಯನ್ನು ಯಾರು ಒಪ್ಪಿಕೊಂಡರು, ಕೊನೆಗೆ ಇಬ್ಬರೂ ಹೇಗೆ ನೆಂಟರಾದರು ಎಂಬ ಹಳೆಯ ಮಾತುಕತೆ ಅದರೊಳಗಿರುತ್ತದೆ. ಪವಾಡವನ್ನು ನಂಬುವವರೂ ನಗುವವರೂ ಕಾಣದ ಈ ಸಂಗತಿಯನ್ನು ಕಾಣಲು ವಿಶೇಷವಾದ ತಾಳ್ಮೆ ಬೇಕು.

ಕಿವಿಯೂ ಬೇಕು. ಅಮೆರಿಕದ ಚರಿತ್ರೆಕಾರ ರಿಚರ್ಡ್ ಈಟನ್ 1978ರಲ್ಲಿ ಬಿಜಾಪುರದ ಸೂಫಿಗಳ ಮೇಲೆ ಬರೆದ ಪುಸ್ತಕದಲ್ಲಿ ಚಕ್ಕಿನಾಮಾಗಳಿಗೆ ಮಹತ್ವ ಕೊಟ್ಟರು. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು ಹಾಡಿಕೊಳ್ಳಲೆಂದು ದಖನಿಯಲ್ಲಿ ಕಟ್ಟಿದ ಪದಗಳವು. ಕಲ್ಲು ತಿರುಗಿದಂತೆ ದೇವರ ಧ್ಯಾನವೂ ತಿರುಗುತ್ತದೆ. ಕನ್ನಡದ ಕಿವಿಗೆ ಇದು ಹೊಸದೇನಲ್ಲ, ನಮ್ಮ ಬೀಸುವ ಪದಗಳ ಒಡಹುಟ್ಟು. ಉತ್ತರ ಕರ್ನಾಟಕದ ಮೊಹರಂನಲ್ಲಿ ಅಲಾವಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾ ಹಾಡುವ ರಿವಾಯತ್ ಪದಗಳಂತೂ ಕರ್ಬಲಾದ ದುಃಖವನ್ನು ಅಪ್ಪಟ ಹಳ್ಳಿಗನ್ನಡದಲ್ಲಿ ಹೇಳುತ್ತವೆ. ಮುಸ್ಲಿಮರ ಒಂದೇ ಒಂದು ಮನೆಯಿಲ್ಲದ ಊರುಗಳಲ್ಲೂ ಪಂಜಾ ಕೂರಿಸುತ್ತಾರೆ. ಮೊಹರಮ್ಮಿನ ಮೇಲೂ ತರೀಕೆರೆಯವರು ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಸೂಫಿಗಳ ಬೆನ್ನುಹತ್ತಿದ ಅವರು ಮುಂದೆ ನಾಥಪಂಥ, ಶಾಕ್ತಪಂಥ, ಗುರುಪಂಥಗಳ ಕಡೆಗೂ ಹೋದರು. ಇದನ್ನು ವಿಷಯಾಂತರ ಎನ್ನಲಾಗದು. ಅವರ ಸ್ವಂತ ಜಿಲ್ಲೆಯ ಬಾಬಾಬುಡನ್‌ಗಿರಿಯ ಗವಿಯಲ್ಲಿ ದಾದಾ ಹಯಾತ್ ಮೀರ್ ಖಲಂದರರಿಗೂ ದತ್ತಾತ್ರೇಯನಿಗೂ ಜನ ನಡೆದುಕೊಳ್ಳುತ್ತಾರೆ. ಬರೀ ಫಾರಸಿ ಬಲ್ಲವರಿಗೆ ಅಲ್ಲಿ ಅರ್ಧ ಕಾಣುತ್ತದೆ, ಬರೀ ಪುರಾಣ ಬಲ್ಲವರಿಗೆ ಇನ್ನರ್ಧ. ಶಿಶುನಾಳ ಶರೀಫರ (1819–1889) ತತ್ವಪದಗಳನ್ನು ಬಿಡಿಸಲು ಹೊರಟರೂ ಅಷ್ಟೇ. ಗುರು ಗೋವಿಂದಭಟ್ಟರು, ಶರಣರ ವಚನ, ಯೋಗದ ಪರಿಭಾಷೆ, ಸೂಫಿಗಳ ಇಷ್ಕ್ ಎಂಬ ದೈವಪ್ರೇಮ ಎಲ್ಲವೂ ಒಟ್ಟಿಗೆ ಗೊತ್ತಿರಬೇಕು.

ನನಗೆ ಅವರ ಬರವಣಿಗೆಯಲ್ಲಿ ಬಹಳ ಹಿಡಿಸುವುದು ಅದರ ಸಂಯಮ. ದರ್ಗಾಕ್ಕೆ ಹಿಂದೂಗಳು ಬಂದರೆಂದ ಕೂಡಲೇ ಭಾವೈಕ್ಯದ ಭಾಷಣ ಮಾಡುವುದು ಸುಲಭ. ಅಲ್ಲಿಗೆ ಬರುವ ತಾಯಿಗೆ ಮಗುವಿನ ಜ್ವರ ಇಳಿಯಬೇಕು, ರೈತನಿಗೆ ಎಮ್ಮೆ ಹಾಲು ಕೊಡಬೇಕು. ಬೇನೆ ಬೇಸರಿಕೆ ಕಟ್ಟಿದ ಆ ನಂಟು ನಮ್ಮ ಘೋಷಣೆಗಳಿಗಿಂತ ಹಳೆಯದು. ಗೋರಿಗೆ ಹರಕೆ ಹೊರುವುದು ಇಸ್ಲಾಮಿಗೆ ಸಲ್ಲದೆಂದು ವಾದಿಸುವ ಮುಸ್ಲಿಮರಿದ್ದಾರೆ, ಮುಜಾವರಿಕೆಗೂ ಇನಾಮು ಜಮೀನಿಗೂ ಜಗಳಗಳಿವೆ. ಅವನ್ನು ಮುಚ್ಚಿಟ್ಟು ಬರೆದ ಚರಿತ್ರೆ ನಿಲ್ಲುವುದಿಲ್ಲ.

ತರೀಕೆರೆಯವರ ‘ಕತ್ತಿಯಂಚಿನ ದಾರಿ’ ವಿಮರ್ಶಾ ಕೃತಿಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರಲ್ಲಿ ಸಂಶೋಧಕ ಎಂ. ಎಂ. ಕಲಬುರ್ಗಿಯವರ ಕೊಲೆಯಾದಾಗ ಅದನ್ನು ಹಿಂದಿರುಗಿಸಿದರು. ತಮ್ಮ ಬಾಳಿನ ಕಥನಕ್ಕೆ ‘ಕುಲುಮೆ’ ಎಂದು ಹೆಸರಿಟ್ಟಿದ್ದಾರೆ.

ಈ ಕಸುಬು ಗಡಿಯಾಚೆಗೂ ಹೋಗಬೇಕೆಂದು ನನ್ನ ಆಸೆ. ಇಂದಿನ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಬಹುಪಾಲು ಸೀಮೆ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಕೈತಪ್ಪಿ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಬಾರಾಮಹಲ್ ಎಂದು ಕರೆಯುತ್ತಿದ್ದ ಆ ನಾಡಿನಲ್ಲಿ ತಮಿಳು, ಕನ್ನಡ, ತೆಲುಗು, ದಖನಿ ಉರ್ದು ಇವತ್ತಿಗೂ ಒಂದೇ ಸಂತೆಯಲ್ಲಿ ಕೇಳಿಸುತ್ತವೆ. ನಾಲ್ಕೂ ನುಡಿಗಳನ್ನು ಬಲ್ಲ ಆ ಸೀಮೆಯ ಹುಡುಗಿಯೋ ಹುಡುಗನೋ ಉರುಸು ಮುಗಿದು ಜನ ಚದುರಿದ ಮೇಲೆ ಮುಜಾವರರ ಬಳಿ ಕೂತು, ಈ ಪೀರರು ಯಾವ ದಿಕ್ಕಿನಿಂದ ಬಂದರು, ಮೊದಲು ಯಾರ ಮನೆಯಲ್ಲಿ ನೀರು ಕುಡಿದರು ಎಂದು ಕೇಳಿ ಬರೆದುಕೊಳ್ಳಲಿ.