ಕಂಡವರಿಲ್ಲದ ಮೃಗಗಳು

ಅಂಚೆಚೀಟಿಗಳನ್ನೂ ಹಳೆಯ ನಾಣ್ಯಗಳನ್ನೂ ಕೂಡಿಡುವವರನ್ನು ಲೋಕವು ಗೌರವದಿಂದಲೇ ಕಾಣುತ್ತದೆ. ಅವುಗಳ ಹಿಂದೆ ರಾಜಮಹಾರಾಜರ ಚರಿತ್ರೆಯುಂಟು. ಕಷ್ಟಕಾಲದಲ್ಲಿ ಮಾರಿ ನಾಲ್ಕು ಕಾಸು ಪಡೆಯಬಹುದೆಂಬ ಭರವಸೆಯೂ ಉಂಟು. ಆದರೆ ತಲೆ ನರೆತವನೊಬ್ಬನು ಆಟದ ಗೊಂಬೆಗಳನ್ನು ಕೂಡಿಡುತ್ತಾನೆ, ಅವೂ ಎಂದೋ ಅಳಿದುಹೋದ ಮೃಗಪಕ್ಷಿಗಳ ಗೊಂಬೆಗಳು ಎಂದರೆ, ಕೇಳಿದವರು ಒಮ್ಮೆ ಮುಖವನ್ನು ನೋಡಿ ಮಳೆಬೆಳೆಯ ಮಾತಿಗೆ ತಿರುಗುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಗಾಜಿನ ಬೀರುವಿನ ಮುಂದೆ ಅವರನ್ನು ಕೂರಿಸಿ, ಒಂದು ಲೋಟ ಕಾಫಿ ಕೊಟ್ಟರೆ, ಅರ್ಧ ಗಂಟೆಯ ಮೇಲೆ ಮಳೆಬೆಳೆಯ ಮಾತು ತಾನಾಗಿ ನಿಂತುಹೋಗುತ್ತದೆಂಬುದನ್ನು ಬಲ್ಲೆ.

ಈ ಬೀರುವಿನಲ್ಲಿ ಡೈನೊಸಾರ್‌ಗಳಿಗೆ ಎಡೆಯಿಲ್ಲ. ಅವುಗಳಿಗೆ ಅಭಿಮಾನಿಗಳ ಕೊರತೆಯಿಲ್ಲ. ಜಾತ್ರೆಯ ಅಂಗಡಿಯಲ್ಲಿಯೂ ಹತ್ತಾರು ರೂಪಾಯಿಗೆ ಒಂದು ಹಸಿರು ಡೈನೊಸಾರ್ ದೊರೆಯುತ್ತದೆ. 6.6 ಕೋಟಿ ವರ್ಷಗಳ ಹಿಂದೆ ಅವು ಅಳಿದ ಮೇಲೆ ಈ ಭೂಮಿಯನ್ನು ತುಂಬಿದ ಸಸ್ತನಿಗಳೂ ದೈತ್ಯಪಕ್ಷಿಗಳೂ ನಮಗೆ ಹೆಚ್ಚು ಹತ್ತಿರದ ಬಂಧುಗಳು, ಹೆಚ್ಚು ಹತ್ತಿರದ ನೆರೆಯವರು. ಆದರೂ ಗೊಂಬೆಯ ವ್ಯಾಪಾರಿಗಳು ಅವುಗಳನ್ನು ಮೊದಲಿನಿಂದಲೂ ಎರಡನೆಯ ಪಂಕ್ತಿಯಲ್ಲಿಯೇ ಕೂರಿಸಿದರು. 1950ರ ದಶಕದಲ್ಲಿ ಅಮೆರಿಕದ ಲೂಯಿ ಮಾರ್ಕ್ಸ್ ಕಂಪೆನಿ ಇಂತಹ ಪ್ಲಾಸ್ಟಿಕ್ ಗೊಂಬೆಗಳನ್ನು ಮನೆಮನೆಗೆ ಮುಟ್ಟಿಸಿದಾಗ ಮೊದಲು ಬಂದವು ಡೈನೊಸಾರ್‌ಗಳೇ. ಸಸ್ತನಿಗಳು ಸೇರಿದ್ದು ಆಮೇಲೆ. 1970ರ ದಶಕದಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ನಿಸರ್ಗ ವಿಭಾಗಕ್ಕಾಗಿ ಇನ್ವಿಕ್ಟಾ ಎಂಬ ಕಂಪೆನಿ ತಯಾರಿಸಲು ತೊಡಗಿದ ಪ್ರಸಿದ್ಧ ಮಾಲಿಕೆಯಲ್ಲಿಯೂ ಸರೀಸೃಪಗಳ ದೊಡ್ಡ ಸಂತೆಯ ನಡುವೆ ಒಂದು ಮ್ಯಾಮತ್, ಒಂದು ಗ್ಲಿಪ್ಟೊಡಾನ್, ಒಂದು ನೀಲಿ ತಿಮಿಂಗಿಲ ಮಾತ್ರ ನಿಂತಿವೆ. ಅವುಗಳಲ್ಲಿಯೂ ನೀಲಿ ತಿಮಿಂಗಿಲವು ಇಂದಿಗೂ ಬದುಕಿರುವ ಪ್ರಾಣಿ!

ಸಂಗ್ರಹದ ಕಷ್ಟಸುಖಗಳನ್ನು ಹೇಳುತ್ತ ಕುಳಿತರೆ ಮುಗಿಯದು. ಮೆದು ಪ್ಲಾಸ್ಟಿಕ್ಕಿನ ಗೊಂಬೆಗಳು ಬೇಸಗೆಯಲ್ಲಿ ಮೊಣಕಾಲು ಬಗ್ಗಿಸಿ ಕುಸಿಯುತ್ತವೆ. ಬಿಸಿನೀರಿನಲ್ಲಿ ಅದ್ದಿ, ಕಾಲನ್ನು ನೆಟ್ಟಗೆ ಹಿಡಿದು, ಒಡನೆಯೇ ತಣ್ಣೀರಿಗೆ ಹಾಕಿದರೆ ಮತ್ತೆ ನಿಲ್ಲುತ್ತವೆ. ಹಳೆಯವು ಕೆಲವು ಮೈ ಬೆವರಿ ಅಂಟಂಟಾಗುತ್ತವೆ, ಪ್ಲಾಸ್ಟಿಕ್ಕನ್ನು ಮೆದುಗೊಳಿಸುವ ದ್ರವ್ಯ ಒಸರಿ ಹೊರಬರುವುದೇ ಅದಕ್ಕೆ ಕಾರಣ. ಇನ್ನು ಪ್ರಮಾಣದ ತಕರಾರು. ಎಲ್ಲವೂ ನಿಜದ ಇಪ್ಪತ್ತರಲ್ಲೊಂದು ಪಾಲಿನಲ್ಲಿರಬೇಕೆಂದು ಹಟ ಹಿಡಿದರೆ, ಎರಡು ಮೀಟರಿನ ಹಕ್ಕಿಯೊಂದು ಹತ್ತು ಸೆಂಟಿಮೀಟರಿಗೆ ಇಳಿದು ಅಂಗೈಯಲ್ಲಿ ಕೂರುತ್ತದೆ; ಭುಜದೆತ್ತರವೇ ಐದು ಮೀಟರಿಗೆ ಸಮೀಪವಿದ್ದ ಕೊಂಬಿಲ್ಲದ ದೈತ್ಯ ಖಡ್ಗಮೃಗವಾದರೋ ಬೀರುವಿನ ಹಲಗೆಗೆ ತಲೆ ತಾಗಿಸುತ್ತದೆ.

ಆ ಖಡ್ಗಮೃಗದ ಮಾತು ಬಂದಿತು. ಅದರ ಎಲುಬುಗಳನ್ನು ಬಲೂಚಿಸ್ತಾನದ ಬುಗ್ತಿ ಬೆಟ್ಟಗಳಿಂದ ತಂದು, ಭಾರತದ ಭೂವಿಜ್ಞಾನ ಇಲಾಖೆಯ ಪಿಲ್‌ಗ್ರಿಮ್ ಎಂಬವರು 1908ರಲ್ಲಿ ಮೊದಲು ವರ್ಣಿಸಿದರು. ಮುಂದೆ ಫಾರ್ಸ್ಟರ್ ಕೂಪರ್ ಎಂಬವರು ಅದಕ್ಕೆ ಪ್ಯಾರಾಸೆರಾಥೀರಿಯಮ್ ಎಂದು ಹೆಸರಿಟ್ಟು, ಸಿಕ್ಕ ಬೇರೆ ಎಲುಬುಗಳನ್ನು ಬಲೂಚಿಥೀರಿಯಮ್ ಎಂದು ಕರೆದರು. ರಷ್ಯನ್ನರು ತಮಗೆ ದೊರೆತದ್ದನ್ನು ಇಂಡ್ರಿಕೊಥೀರಿಯಮ್ ಎಂದರು. ಇವೆಲ್ಲ ಒಂದೇ ಕುಲದ ಪ್ರಾಣಿ, ಮೊದಲಿಟ್ಟ ಹೆಸರೇ ನಿಲ್ಲಬೇಕು ಎಂಬುದು ಇಂದಿನ ಬಹುಮಂದಿ ವಿದ್ವಾಂಸರ ಅಭಿಪ್ರಾಯ. ನನ್ನಲ್ಲಿರುವ ಮೂರು ಗೊಂಬೆಗಳ ಹೊಟ್ಟೆಯಡಿಯಲ್ಲಿ ಮೂರು ಹೆಸರುಗಳೂ ಅಚ್ಚಾಗಿವೆ. ಒಂದೇ ಮೃಗ ಮೂರು ಹೆಸರು ಹೊತ್ತು ಒಂದೇ ಹಲಗೆಯ ಮೇಲೆ ನಿಂತಿರುವುದನ್ನು ಕಂಡರೆ ಗುಮಾಸ್ತೆಯ ತಪ್ಪಿನಿಂದ ಮೂರು ಕಡೆ ಮತಪಟ್ಟಿಗೆ ಸೇರಿದ ಗೃಹಸ್ಥನ ನೆನಪಾಗುತ್ತದೆ.

ಒಂದು ಸಂಜೆ ಪಕ್ಕದ ಮನೆಯ ಹುಡುಗಿ ಬೀರುವಿನ ಮುಂದೆ ಬಹಳ ಹೊತ್ತು ನಿಂತಿದ್ದು, “ತಾತ, ಇವನ್ನೆಲ್ಲ ಯಾರು ನೋಡಿದ್ರು?” ಎಂದು ಕೇಳಿದಳು. ಯಾರೂ ನೋಡಿಲ್ಲವಮ್ಮ ಎಂದೆ. “ಮತ್ತೆ ಬಣ್ಣ ಹೇಗೆ ಹಾಕಿದರು?” ಎಂದಳು.

ಪ್ರೌಢ ಗ್ರಂಥಗಳು ಸುತ್ತಿಬಳಸಿ ಹೇಳುವುದನ್ನು ಆ ಮಗು ಎರಡು ಮಾತಿನಲ್ಲಿ ಕೇಳಿಬಿಟ್ಟಿತು. ಬಣ್ಣವಂತೂ ಊಹೆಯೇ. ಬಣ್ಣವೊಂದೇ ಏಕೆ, ತುಟಿ, ಕಿವಿ, ಬೊಜ್ಜು, ನಡಿಗೆ, ಮುನಿಸು ಇವೂ ಬಹುಮಟ್ಟಿಗೆ ಊಹೆಯೇ. ವಿಜ್ಞಾನಿಯು ತನ್ನ ಲೇಖನದಲ್ಲಿ “ಇದ್ದಿರಬಹುದು” ಎಂದು ಬರೆದು ಪಾರಾಗಬಲ್ಲ. ಗೊಂಬೆ ಮಾಡುವವನಿಗೆ ಆ ಅನುಕೂಲವಿಲ್ಲ. ಅವನು ಸೊಂಡಿಲನ್ನು ಇಡಬೇಕು, ಇಲ್ಲವೇ ಬಿಡಬೇಕು. ಆದುದರಿಂದಲೇ ಪ್ರತಿಯೊಂದು ಗೊಂಬೆಯೂ ಅದು ಹುಟ್ಟಿದ ವರ್ಷದ ತಿಳಿವಳಿಕೆಯ ಮುದ್ರೆಯನ್ನು ಹೊತ್ತಿರುತ್ತದೆ. ಹೊಸ ಗೊಂಬೆ ಬಂದೊಡನೆ ಹಳೆಯದನ್ನು ಎಸೆಯುವ ಸಂಗ್ರಾಹಕರುಂಟು. ನಾನು ಎರಡನ್ನೂ ಜೋಡಿಯಾಗಿ ನಿಲ್ಲಿಸುತ್ತೇನೆ.

ಗ್ಯಾಸ್ಟಾರ್ನಿಸ್ ಎಂಬ ದೈತ್ಯಪಕ್ಷಿಯನ್ನು ನೋಡಿ. 1855ರಲ್ಲಿ ಪ್ಯಾರಿಸಿನ ಬಳಿ ಇದರ ಎಲುಬನ್ನು ಕಂಡುಹಿಡಿದ ಗಾಸ್ತೋಂ ಪ್ಲಾಂತೆಯ ಹೆಸರನ್ನೇ ಇದಕ್ಕೆ ಇಟ್ಟರು. ಆಳೆತ್ತರವನ್ನು ಮೀರಿದ ದೇಹ, ಹಾರಲಾರದ ಕಿರುರೆಕ್ಕೆ, ಕೊಡಲಿಯಂತಹ ಕೊಕ್ಕು. ಆ ಕೊಕ್ಕನ್ನು ಕಂಡವರೆಲ್ಲ ಇದು ಮಾಂಸಾಹಾರಿಯೇ ಸರಿ ಎಂದರು. ಅಂದಿನ ಕುದುರೆಗಳು ನಾಯಿಮರಿಯಷ್ಟಿದ್ದುವಾದ್ದರಿಂದ, ಈ ಹಕ್ಕಿ ಅವುಗಳನ್ನು ಬೇಟೆಯಾಡುವ ಚಿತ್ರಗಳು ಪುಸ್ತಕಗಳಲ್ಲಿ ತುಂಬಿದವು. ನನ್ನಲ್ಲಿರುವ ಹಳೆಯ ಗೊಂಬೆಯ ಕಣ್ಣು ಕೆಂಪು, ಬಾಯಿ ತೆರೆದಿದೆ, ಉಗುರು ಗಿಡುಗನ ಉಗುರು. 2013ರಲ್ಲಿ ಜರ್ಮನಿಯ ವಿಜ್ಞಾನಿಗಳು ಎಲುಬಿನಲ್ಲಿ ಉಳಿದಿದ್ದ ಕ್ಯಾಲ್ಸಿಯಂ ಧಾತುವನ್ನು ಪರೀಕ್ಷಿಸಿ, ಇದು ಸೊಪ್ಪುಕಾಯಿ ತಿಂದು ಬದುಕಿದ ಪ್ರಾಣಿಯ ಲಕ್ಷಣವೆಂದರು. ಹಕ್ಕಿಯ ಹೆಜ್ಜೆಗುರುತುಗಳಲ್ಲಿಯೂ ಬೇಟೆಗಾರನ ಕೊಂಕುಗುರಿನ ಸುಳಿವಿಲ್ಲ. ಆ ಕೊಡಲಿ ಗಟ್ಟಿಕಾಯಿಗಳನ್ನು ಒಡೆಯುವ ಅಡಕತ್ತರಿಯಾಗಿತ್ತು. ಹೊಸ ಗೊಂಬೆ ಬಾಯಿ ಮುಚ್ಚಿಕೊಂಡು ಸೌಮ್ಯವಾಗಿ ನಿಂತಿದೆ. ಮಕ್ಕಳಿಗೆ ಇಂದಿಗೂ ಹಳೆಯದೇ ಇಷ್ಟ. ಅದರಲ್ಲಿ ಅವರ ತಪ್ಪೇನು?

ಪ್ಲಾಟಿಬೆಲೊಡಾನ್ ಎಂಬ ಸಲಿಕೆದವಡೆಯ ಆನೆಬಂಧುವಿನ ಪಾಡೂ ಇಂತಹದೇ. ಕೆಳದವಡೆಯ ಹಲ್ಲುಗಳು ಚಪ್ಪಟೆಯಾಗಿ ಮುಂಚಾಚಿದ್ದುದರಿಂದ ಇದು ಕೆರೆಯ ಕೆಸರಿನಲ್ಲಿ ನಿಂತು ಪಾಚಿಯನ್ನು ಮೊಗೆದು ತಿನ್ನುತ್ತಿತ್ತೆಂದು ಬಗೆದು, ಸೊಂಡಿಲನ್ನೂ ಮೊಂಡು ಹಲಗೆಯಂತೆ ಚಿತ್ರಿಸಿದರು. ಹಲ್ಲಿನ ಸವೆತವನ್ನು ಪರಿಶೀಲಿಸಿದ 1992ರ ಅಧ್ಯಯನವೊಂದು, ಇದು ಸೊಂಡಿಲಿನಿಂದ ಕೊಂಬೆಯನ್ನು ಹಿಡಿದು ಕುಡುಗೋಲಿನಂತೆ ಹಲ್ಲಿನಿಂದ ಕೊಯ್ಯುತ್ತಿತ್ತೆಂದು ತೋರಿಸಿತು. ಒಂದು ಸವೆದ ಹಲ್ಲು ಇಡೀ ಮೃಗವನ್ನು ಕೆರೆಯಿಂದ ಎಬ್ಬಿಸಿ ದಡಕ್ಕೆ ಹತ್ತಿಸಿತು.

ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಪದ್ಧತಿಯುಂಟು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ದಶಾವತಾರ. ತೀರ ಕೆಳಗೆ ಮಕ್ಕಳು ಮಾಡುವ ತೋಟ, ಮೃಗಾಲಯ. ನನ್ನ ಬೀರುವಿನವರಿಗೂ ಆ ಕೊನೆಯ ಮೆಟ್ಟಿಲಲ್ಲಿ ಒಂಬತ್ತು ದಿನ ಪ್ರವೇಶವುಂಟು. ಒಂದು ವರ್ಷ ನನ್ನ ಸೊಸೆ ಸಿವಥೀರಿಯಮ್ ಎಂಬುದನ್ನು ಅಲ್ಲಿಂದ ಎತ್ತಿ ಮೇಲೆ ಕೈಲಾಸದ ಪಕ್ಕದಲ್ಲಿಟ್ಟಳು. ಏಕಮ್ಮ ಎಂದರೆ, “ಶಿವನ ಹೆಸರಿದೆ ಅಂತ ನೀವೇ ಹೇಳಿದ್ರಲ್ಲ ಮಾವ, ನಂದಿಗೆ ಜೊತೆಯಾಯಿತು” ಎಂದಳು. ಆಕ್ಷೇಪಿಸಲು ನನ್ನಲ್ಲಿ ಯುಕ್ತಿಯಿರಲಿಲ್ಲ.

ಹೆಸರೇನೋ ಶಿವನದೇ. ಸಹಾರನಪುರದ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದ ಹ್ಯೂ ಫಾಲ್ಕನರ್ ಮತ್ತು ಕಾಲುವೆಗಳ ಎಂಜಿನಿಯರಾಗಿದ್ದ ಪ್ರೋಬಿ ಕಾಟ್ಲಿ ಶಿವಾಲಿಕ್ ಬೆಟ್ಟಗಳಲ್ಲಿ ಇದರ ತಲೆಬುರುಡೆಯನ್ನು ಕಂಡು, 1836ರಲ್ಲಿ ಲೋಕಕ್ಕೆ ಪರಿಚಯಿಸಿದರು. ಮರುವರ್ಷ ಲಂಡನ್ನಿನ ಭೂವಿಜ್ಞಾನ ಸಂಘವು ಇಬ್ಬರಿಗೂ ವುಲ್ಲಾಸ್ಟನ್ ಪದಕವನ್ನಿತ್ತಿತು. ಜಿರಾಫೆಯ ಕುಲಕ್ಕೆ ಸೇರಿದ ಈ ಮೃಗದ ಹಣೆಯ ಮೇಲೆ ಎರಡು ಮೊನಚು ಕೋಡು, ಹಿಂದೆ ಅಗಲವಾದ ಎರಡು ಕೋಡು. ಮೊದಲಿಗೆ ಇದನ್ನು ಸೊಂಡಿಲಿನಂತಹ ಮೂತಿಯುಳ್ಳ, ಆನೆಯಷ್ಟು ಭಾರದ ಪ್ರಾಣಿಯೆಂದು ಕಲ್ಪಿಸಿಕೊಂಡರು. 2016ರಲ್ಲಿ ಎಲುಬುಗಳನ್ನು ಗಣಕದಲ್ಲಿ ಜೋಡಿಸಿ ಲೆಕ್ಕ ಹಾಕಿದಾಗ ತೂಕ ಸುಮಾರು 1,250 ಕಿಲೋಗ್ರಾಂ ಎಂದು ಬಂದಿತು. ದೊಡ್ಡ ಪ್ರಾಣಿಯೇ ಸರಿ, ಆನೆಯಲ್ಲ.

ಇದನ್ನು ಮನುಷ್ಯರು ಕಂಡಿದ್ದರೆಂದು ತೋರಿಸಲು ಒಂದು ಗೊಂಬೆಯೇ ಸಾಕ್ಷಿಯಾಗಿ ನಿಂತದ್ದುಂಟು. ಪ್ರಾಚೀನ ಸುಮೇರಿಯದ ಕಿಶ್ ನಗರದಲ್ಲಿ ಅಗೆದಾಗ, ರಥದ ಲಗಾಮುಗಳನ್ನು ತೂರಿಸುವ ಬಳೆಯೊಂದು ಸಿಕ್ಕಿತು. ಅದರ ಮೇಲೆ ವಿಚಿತ್ರವಾದ ಕೋಡುಗಳುಳ್ಳ ಚಿಕ್ಕದೊಂದು ಲೋಹದ ಪ್ರಾಣಿ. 1936ರಲ್ಲಿ ಎಡ್ವಿನ್ ಕೋಲ್ಬರ್ಟ್ ಎಂಬ ಪ್ರಾಕ್ತನಜೀವಿ ಶಾಸ್ತ್ರಜ್ಞರು ಇದು ಸಿವಥೀರಿಯಮ್ ಆಗಿರಬಾರದೇಕೆ ಎಂದು ಕೇಳಿದರು. ಸುಮೇರಿಯನ್ನರು ಕಣ್ಣಾರೆ ಕಂಡು ಮಾಡಿದ ಗೊಂಬೆ! ಎಷ್ಟು ಸೊಗಸಾದ ವಿಚಾರ! ಆಮೇಲೆ ಆ ಗೊಂಬೆಯ ಕೋಡಿನ ಮುರಿದ ತುಂಡುಗಳು ಸಿಕ್ಕವು. ಜೋಡಿಸಿ ನೋಡಿದರೆ ಅದು ಜಿಂಕೆ.

ಹಾಗಾದರೆ ಕಂಡವರು ಮಾಡಿದ ಗೊಂಬೆ ಒಂದಾದರೂ ಇಲ್ಲವೇ? ಉಂಟು. ಜರ್ಮನಿಯ ಫೋಗಲ್‌ಹೆರ್ಡ್ ಗುಹೆಯ ಮಣ್ಣಿನಲ್ಲಿ 2006ರಲ್ಲಿ ಒಂದು ಪುಟ್ಟ ಮ್ಯಾಮತ್ ದೊರೆಯಿತು. ಉದ್ದ 3.7 ಸೆಂಟಿಮೀಟರ್, ತೂಕ ಏಳೂವರೆ ಗ್ರಾಂ. ಮೂವತ್ತೈದು ಸಾವಿರ ವರ್ಷಗಳ ಹಿಂದೆ ಯಾರೋ ಮ್ಯಾಮತ್ತಿನ ದಂತದಿಂದಲೇ ಅದನ್ನು ಕೆತ್ತಿದ್ದಾರೆ. ಡುಬ್ಬದಂತೆ ಎತ್ತಿದ ನೆತ್ತಿ, ಇಳಿಜಾರು ಬೆನ್ನು, ಜೋಲುವ ಸೊಂಡಿಲು ಎಲ್ಲವೂ ಸರಿಯಾಗಿವೆ. ಅದು ಮಗುವಿನ ಆಟಿಕೆಯೋ ಪೂಜೆಯ ವಸ್ತುವೋ ಹೇಳಬಲ್ಲವರಿಲ್ಲ. ಸೈಬೀರಿಯದ ಹಿಮದಲ್ಲಿ ಕೂದಲು ಚರ್ಮಗಳ ಸಹಿತ ದೊರೆತ ಮ್ಯಾಮತ್ ದೇಹಗಳೂ ಆ ಕೆತ್ತನೆಗಾರನ ಮಾತನ್ನು ಹಿಡಿದೆತ್ತಿವೆ. ನನ್ನ ಬೀರುವಿನಲ್ಲಿ ಊಹೆಯ ಪಾಲು ಅತಿ ಕಡಿಮೆಯಿರುವ ಗೊಂಬೆಯೆಂದರೆ ಮ್ಯಾಮತ್ತೇ.

ಹಕ್ಕಿಗಳಲ್ಲಿ ಈ ಭಾಗ್ಯ ಡೋಡೋವಿನದು. ಅದು ಪ್ರಾಗೈತಿಹಾಸಿಕವಲ್ಲವೆಂದು ಶಾಸ್ತ್ರನಿಷ್ಠರು ಮೂಗು ಮುರಿಯುತ್ತಾರೆ. ಗೊಂಬೆಯ ಕಂಪೆನಿಗಳು ಮಾತ್ರ ಅದನ್ನು ಮ್ಯಾಮತ್ತಿನ ಸಾಲಿಗೇ ಸೇರಿಸುತ್ತವೆ, ನಾನೂ ಹಾಗೆಯೇ ಮಾಡಿದ್ದೇನೆ. 1620ರ ದಶಕದಲ್ಲಿ ರೂಲಾಂಟ್ ಸಾವೆರಿ ಮುಂತಾದ ಯೂರೋಪಿನ ಚಿತ್ರಕಾರರು ಬರೆದ ಡೋಡೋ ಬೊಜ್ಜು ತುಂಬಿ ನಡೆಯಲಾರದಂತಿದೆ. ಹಳೆಯ ಗೊಂಬೆಗಳೆಲ್ಲ ಆ ಚಿತ್ರದ ಮಕ್ಕಳು. ಅದೇ ಕಾಲದಲ್ಲಿ ಡೋಡೋ ಹಡಗು ಹತ್ತಿ ನಮ್ಮ ದೇಶಕ್ಕೂ ಬಂದಿತ್ತು. ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ ಸೂರತ್ತಿನಲ್ಲಿ ಎರಡನ್ನು ಕಂಡುದಾಗಿ ಬರೆದಿಟ್ಟಿದ್ದಾನೆ. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಬರೆದನೆಂದು ಹೇಳುವ, ಸುಮಾರು 1625ರ ಚಿತ್ರವೊಂದು ಈಗ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಅದರಲ್ಲಿ ಡೋಡೋ ಕಂದುಬಣ್ಣದ, ನೆಟ್ಟಗೆ ನಿಂತ, ಮೈ ಬಿಗಿಯಾದ ಹಕ್ಕಿ. ಜೀವಂತ ಡೋಡೋವಿನ ಬಣ್ಣವನ್ನು ತಿಳಿಯಲು ಇದಕ್ಕಿಂತ ನಂಬುಗೆಯ ಆಧಾರಗಳು ವಿರಳವೆಂದು ವಿದ್ವಾಂಸರು ಒಪ್ಪುತ್ತಾರೆ. ಈಚಿನ ಗೊಂಬೆಗಳು ಬೊಜ್ಜು ಕರಗಿಸಿಕೊಂಡು ಮನ್ಸೂರನ ಹಕ್ಕಿಯತ್ತ ಸಾಗಿವೆ. ಮನ್ಸೂರನ ಕುಂಚದ ಬಳಿಕ ಐವತ್ತು ಅರುವತ್ತು ವರ್ಷಗಳಲ್ಲಿ ಮಾರಿಷಸ್ ದ್ವೀಪದಲ್ಲಿ ಡೋಡೋ ಉಳಿಯಲಿಲ್ಲ.

ನ್ಯೂಜಿಲೆಂಡಿನ ಮೋಆ ಹಕ್ಕಿಯ ಕಥೆಯೂ ಬೇರೆಯಲ್ಲ. 1839ರಲ್ಲಿ ಗೇಣುದ್ದವೂ ಇಲ್ಲದ ಒಂದು ಮುರಿದ ತೊಡೆಮೂಳೆಯನ್ನು ಕೈಯಲ್ಲಿ ಹಿಡಿದು, ಆ ದೇಶದಲ್ಲಿ ದೈತ್ಯಪಕ್ಷಿಯೊಂದು ಇದ್ದಿರಬೇಕೆಂದು ರಿಚರ್ಡ್ ಓವನ್ ಸಾರಿದರು. ನಾಲ್ಕು ವರ್ಷಗಳಲ್ಲಿ ಪೆಟ್ಟಿಗೆ ತುಂಬ ಎಲುಬು ಬಂದು ಅವರ ಮಾತು ನಿಜವಾಯಿತು. ಆದರೆ ಮೋಆವನ್ನು ಕಣ್ಣಾರೆ ಕಂಡ ಮಾವೊರಿ ಜನರು ಆ ನಾಡಿಗೆ ಕಾಲಿಟ್ಟ ಇನ್ನೂರು ವರ್ಷಗಳೊಳಗೆ ಅವೆಲ್ಲ ಬೇಟೆಯಲ್ಲಿ ಮುಗಿದಿದ್ದವು. ಹುಡುಗಿಯ ಪ್ರಶ್ನೆಗೆ ಈ ಉತ್ತರವನ್ನು ಪೂರ್ತಿಯಾಗಿ ಕೊಡುವ ಧೈರ್ಯ ನನಗೆ ಅಂದು ಬರಲಿಲ್ಲ. ನೋಡಿದವರು ಇದ್ದರು ಎಂದರೆ, ಆಮೇಲೆ ಏನಾಯಿತು ಎಂದು ಅವಳು ಕೇಳದೆ ಬಿಡುವವಳಲ್ಲ.

ಇಂತಹ ಮೃಗಗಳನ್ನು ನಿಜದ ಅಳತೆಯಲ್ಲಿ ನೋಡಬಯಸುವ ಅಧ್ಯಾಪಕರು ಹಿಮಾಚಲ ಪ್ರದೇಶದ ಸಾಕೇತಿಗೆ ಹೋಗಬಹುದು. ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯವರು 1970ರ ದಶಕದಲ್ಲಿ, ಪಳೆಯುಳಿಕೆಗಳು ದೊರೆತ ನೆಲದಲ್ಲಿಯೇ, ಶಿವಾಲಿಕ್ಕಿನ ಪ್ರಾಣಿಗಳ ಆಳೆತ್ತರದ ಪ್ರತಿಮೆಗಳನ್ನು ನಿಲ್ಲಿಸಿದ್ದಾರೆ. ಅಷ್ಟು ದೂರ ಹೋಗಲಾರದವರಿಗೆ ಈ ಗೊಂಬೆಗಳೇ ಗತಿ.

ನನ್ನ ಬೀರುವಿನ ನಡುಹಲಗೆ ಆನೆಗಳದು. ಈ ವಂಶದಲ್ಲಿ ನೂರೈವತ್ತಕ್ಕೂ ಮಿಕ್ಕಿದ ಜಾತಿಗಳು ಬಾಳಿಹೋಗಿವೆ. ಇಂದು ಉಳಿದಿರುವುದು ಮೂರು, ಆಫ್ರಿಕದಲ್ಲಿ ಎರಡು, ಏಷ್ಯದಲ್ಲಿ ಒಂದು. ನಮ್ಮ ರಾಜ್ಯದ ಕಾಡುಗಳಲ್ಲಿ 2023ರ ಅಂದಾಜಿನಂತೆ 6,395 ಆನೆಗಳಿದ್ದವು. ಹಲಗೆಯ ಎಡಗಡೆಯಲ್ಲಿ ಕೆಳದವಡೆಯಿಂದ ದಂತಗಳು ಕೆಳಬಾಗಿದ ಡೈನೊಥೀರಿಯಮ್, ಆಮೇಲೆ ಸಲಿಕೆದವಡೆಯವನ ಎರಡು ಅವತಾರಗಳು, ಆಮೇಲೆ ಸ್ಟೆಗೊಡಾನ್. ಶಿವಾಲಿಕ್ಕಿನ ಒಂದು ಸ್ಟೆಗೊಡಾನಿಗೆ ಫಾಲ್ಕನರ್ ಮತ್ತು ಕಾಟ್ಲಿ ಗಣೇಶನ ಹೆಸರನ್ನೇ ಇಟ್ಟರು. ಅದರ ಎರಡು ದಂತಗಳು ಎಷ್ಟು ಒತ್ತಾಗಿವೆಯೆಂದರೆ ನಡುವೆ ಸೊಂಡಿಲು ಇಳಿಯಲು ಎಡೆಯಿಲ್ಲ. ಅದನ್ನು ಪಕ್ಕಕ್ಕೆ ಚೆಲ್ಲಿಕೊಂಡು ನಡೆಯುತ್ತಿದ್ದಿರಬೇಕೆಂದು ಎಣಿಸಿ, ಗೊಂಬೆಗಾರನೂ ಹಾಗೆಯೇ ಮಾಡಿದ್ದಾನೆ. ಅದರಾಚೆ ಮ್ಯಾಮತ್.

ಮ್ಯಾಮತ್ತಿನ ಬಲಕ್ಕೆ ಒಂದು ಸ್ಥಳವನ್ನು ಬಿಟ್ಟಿದ್ದೇನೆ. ನರ್ಮದೆಯ ದಡದಲ್ಲಿ ಎಲುಬುಗಳು ದೊರೆತುದರಿಂದ ಆ ನದಿಯ ಹೆಸರನ್ನೇ ಪಡೆದ ಪ್ರಾಚೀನ ಆನೆಯೊಂದುಂಟು, ಪೇಲಿಯೊಲಾಕ್ಸೊಡಾನ್ ನಮಾಡಿಕಸ್. ಹತ್ತೊಂಬತ್ತನೆಯ ಶತಮಾನದಲ್ಲಿ ವರ್ಣಿತವಾದ ಒಂದು ತುಂಡು ತೊಡೆಮೂಳೆಯ ಅಳತೆಯಿಂದ ಲೆಕ್ಕ ಹಾಕಿ, 2016ರಲ್ಲಿ ಅಸಿಯೆರ್ ಲಾರಮೆಂಡಿ ಎಂಬ ವಿದ್ವಾಂಸರು ಇದರ ಭುಜದೆತ್ತರ 5.2 ಮೀಟರ್, ತೂಕ 22 ಟನ್ ಇದ್ದಿರಬಹುದೆಂದರು. ನೆಲದ ಮೇಲೆ ನಡೆದ ಸಸ್ತನಿಗಳಲ್ಲಿಯೇ ಅತಿ ದೊಡ್ಡದು! ಆ ಮೂಳೆಯ ತುಂಡನ್ನು ಈಗ ಯಾರೂ ಕಂಡಿಲ್ಲವಾದ್ದರಿಂದ, ಈ ಲೆಕ್ಕವನ್ನು ಎಚ್ಚರಿಕೆಯಿಂದ ಹಿಡಿಯಬೇಕೆಂದು ಅವರೇ ಹೇಳಿದ್ದಾರೆ. ಇದರ ಯೂರೋಪಿನ ದಾಯಾದಿಯ ಗೊಂಬೆ ಮಾರುಕಟ್ಟೆಯಲ್ಲಿದೆ. ನರ್ಮದೆಯ ಆನೆ ಇನ್ನೂ ನನ್ನ ಕೈಗೆ ಬಂದಿಲ್ಲ. ನಲವತ್ತರಲ್ಲೊಂದು ಪಾಲಿಗೆ ಹದಿಮೂರು ಸೆಂಟಿಮೀಟರ್ ಎತ್ತರ ಬೇಕಾಗುತ್ತದೆ. ಅಷ್ಟನ್ನು ಅಳೆದು ಹಲಗೆಯನ್ನು ಮೇಲಕ್ಕೆ ಏರಿಸಿಟ್ಟಿದ್ದೇನೆ. ಸದ್ಯಕ್ಕೆ ಅಲ್ಲಿ ಮೈಸೂರಿನ ಬೀಟೆಮರದ ಆನೆಯೊಂದು ನಿಂತಿದೆ.