ನಾಲ್ಕು ಮಿಲಿಮೀಟರಿನ ಕಸುಬು

ಜೇವರ್ಗಿಯಿಂದ ಹೊರಟು ಚಾಮರಾಜನಗರದ ಕಡೆ ಇಳಿಯುವ ರಾಷ್ಟ್ರೀಯ ಹೆದ್ದಾರಿ ರಾಯಚೂರು ಜಿಲ್ಲೆಯಲ್ಲಿ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಹಾದುಹೋಗುತ್ತದೆ. ಈ ದಾರಿಯಲ್ಲಿ ಊರು ಮುಗಿಯುವ ಕಡೆ, ಟ್ರಾಕ್ಟರ್ ಷೋರೂಮು, ಗೊಬ್ಬರದ ಅಂಗಡಿ, ಅಕ್ಕಿ ಗಿರಣಿಗಳ ಆಸುಪಾಸಿನಲ್ಲಿ, ತಗಡಿನ ಶೆಡ್ಡುಗಳು ಸಿಗುತ್ತವೆ. ‘ಟಿಂಕರಿಂಗ್ ಅಂಡ್ ಪೇಂಟಿಂಗ್ ವರ್ಕ್ಸ್’ ಎಂದು ಕೈಯಲ್ಲೇ ಬರೆದ ಬೋರ್ಡು, ಒಳಗೆ ಬಂಪರ್ ಬಿಚ್ಚಿಟ್ಟ ಒಂದೆರಡು ಕಾರು, ಗೋಡೆಗೆ ಒರಗಿಸಿದ ಹಳೆಯ ಬಾಗಿಲುಗಳು. ಇಂಜಿನ್ ಮಿಸ್ತ್ರಿಗೆ ಇರುವ ಹೆಸರು ಟಿಂಕರ್‌ಗೆ ಇಲ್ಲ. ‘ತಗಡು ಬಡಿಯುವವರು’ ಎಂದು ಜನ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಈ ಕಸುಬಿನ ನಿಜವಾದ ಪರೀಕ್ಷೆ ಬಡಿಯುವುದರಲ್ಲಿಲ್ಲ. ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿ ಬಾಗಿಲು ಸೊಟ್ಟಗಾಗಿ ಬಂದಾಗ ಅದನ್ನು ಮತ್ತೆ ಅದರ ಜಾಗದಲ್ಲಿ ಕೂರಿಸುವ ಕೆಲಸ ನೋಡಿ, ಗೊತ್ತಾಗುತ್ತದೆ.

ಅಂಬಾಸಿಡರ್ ಕಾಲದ ಡಿಕ್ಕಿಗೆ ಒಂದು ಮುಚ್ಚಳ ಇರುತ್ತಿತ್ತು, ಅಷ್ಟೆ. ಅದು ಸ್ವಲ್ಪ ಓರೆಯಾದರೂ ಪ್ರಯಾಣಿಕರಿಗೆ ಏನೂ ಆಗುತ್ತಿರಲಿಲ್ಲ. ಸೀಟಿನ ಹಿಂದೆ ಬೇರೆಯೇ ಗೂಡು. ಹ್ಯಾಚ್‌ಬ್ಯಾಕಿನಲ್ಲಿ ಹಾಗಲ್ಲ. ಹಿಂದಿನ ಗಾಜು, ವೈಪರ್, ನಂಬರ್ ಪ್ಲೇಟಿನ ದೀಪ, ಲಾಕು ಎಲ್ಲವನ್ನೂ ಹೊತ್ತ ಇಡೀ ಬಾಗಿಲು ಮಾಡಿನ ಅಂಚಿನಿಂದ ಎರಡು ಕೀಲುಗಳ ಮೇಲೆ ತೂಗುತ್ತದೆ. ಅದರ ಆಚೆ ರಸ್ತೆ, ಈಚೆ ಹಿಂದಿನ ಸೀಟಿನಲ್ಲಿ ಕೂತ ಮಕ್ಕಳು. ನಡುವೆ ಇರುವುದು ಒಂದು ರಬ್ಬರ್ ಬೀಡಿಂಗ್ ಮಾತ್ರ.

ಇಂಥ ಕಾರು ನಮ್ಮಲ್ಲಿ ಇಷ್ಟೊಂದು ಆಗಲು ತೆರಿಗೆಯೂ ಕಾರಣ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಒಳಗಿನ ಕಾರುಗಳ ಅಬಕಾರಿ ಸುಂಕ ಶೇ 24ರಿಂದ ಶೇ 16ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಬಂದಾಗಲೂ ಅದೇ ಅಳತೆಯೇ ಉಳಿಯಿತು. ನಾಲ್ಕು ಮೀಟರಿನಲ್ಲಿ ಐದು ಜನರನ್ನೂ ಸಾಮಾನನ್ನೂ ಹಿಡಿಸಬೇಕಾದರೆ ಹಿಂಭಾಗವನ್ನು ನೆಟ್ಟಗೆ ಕತ್ತರಿಸಿ ಬಾಗಿಲು ಇಡುವುದೇ ಸುಲಭದ ದಾರಿ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರು ಸೀಮೆಯಲ್ಲಿ ಆ ಬಾಗಿಲಿಗೆ ಬಿಡುವಿಲ್ಲ. ಬೀಜದ ಚೀಲ, ಗೊಬ್ಬರದ ಚೀಲ, ಔಷಧಿ ಡಬ್ಬ, ಪಂಪಿನ ಬಿಡಿಭಾಗ, ಮದುವೆಯ ಪಾತ್ರೆಪಡಗ ಎಲ್ಲ ಕಾರಿನಲ್ಲೇ. ಚೀಲವನ್ನು ಎತ್ತಿ ಮೊದಲು ಡಿಕ್ಕಿಯ ಹೊಸ್ತಿಲ ಮೇಲೆ ಧಡ್ ಎಂದು ಇಟ್ಟು, ಆಮೇಲೆ ಒಳಗೆ ದೂಡುವುದು ರೂಢಿ. ಬಾಗಿಲನ್ನು ಹಿಡಿದುಕೊಳ್ಳುವ ಕೊಂಡಿ ಆ ಹೊಸ್ತಿಲಿಗೇ ಬೋಲ್ಟ್ ಆಗಿರುತ್ತದೆ. ಇನ್ನೂ ಕೆಟ್ಟದ್ದು ಪೈಪು ಸಾಗಿಸುವುದು. ಪಿವಿಸಿ ಪೈಪಿನ ತುದಿ ಹೊರಗೆ ಚಾಚಿ, ಬಾಗಿಲು ಅದರ ಮೇಲೆ ಒರಗಿ, ಹಗ್ಗದಿಂದ ಒಂದು ಕಡೆ ಮಾತ್ರ ಬಿಗಿದು ಕಾಲುವೆಯ ಒಡ್ಡಿನ ಮೇಲೆ ಹೊರಟರೆ, ಪ್ರತಿ ಗುಂಡಿಯಲ್ಲೂ ಬಾಗಿಲು ಒಂದೇ ಕೀಲಿನ ಮೇಲೆ ತಿರುಚುತ್ತದೆ. ಸುಗ್ಗಿಯಲ್ಲಿ ಟ್ರಾಕ್ಟರಿನ ಟ್ರೇಲರು ಹಿಂದಕ್ಕೆ ಬರುವಾಗ ತಾಗುವ ಏಟು ಬೇರೆ.

ತೊಂದರೆ ಮೊದಲು ಕಣ್ಣಿಗೆ ಬೀಳುವುದಿಲ್ಲ. ಎರಡು ಸಲ ಬಡಿದರೆ ಮಾತ್ರ ಲಾಕ್ ಬೀಳುತ್ತದೆ. ಆಮೇಲೆ ಒಂದು ಬದಿಯ ಸಂದು ಅಗಲವಾಗಿ, ಇನ್ನೊಂದು ಬದಿಯಲ್ಲಿ ಬಣ್ಣ ಉಜ್ಜಿ ಹೋಗುತ್ತದೆ. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಈ ಸಂದು ಸಾಮಾನ್ಯವಾಗಿ ನಾಲ್ಕೈದು ಮಿಲಿಮೀಟರ್, ಎರಡೂ ಕಡೆ ಒಂದೇ ಸಮ. ಮಾಲೀಕರು ಕಾರು ತರುವ ಹೊತ್ತಿಗೆ ಅದು ಒಂದು ಕಡೆ ಎರಡಾಗಿ, ಮತ್ತೊಂದು ಕಡೆ ಏಳಾಗಿರುತ್ತದೆ. ತಂದವರು ಹೇಳುವ ಮಾತೂ ಬಹುಮಟ್ಟಿಗೆ ಒಂದೇ.

“ಉಸ್ತಾದ್, ಡಿಕ್ಕಿ ಕುಂದರವಲ್ದು. ಆ ಕೊಂಡಿಗೆ ಒಂದು ಏಟು ಹಾಕಿಬಿಡ್ರಿ.”

“ಕೊಂಡಿ ಏನ್ ಮಾಡೇತಿ ತಮ್ಮಾ? ಮೊದಲ ಮ್ಯಾಲಿನ ಕೀಲು ನೋಡೂನು ತಡಿ.”

ಒಳ್ಳೆಯ ಟಿಂಕರ್ ಮತ್ತು ಅವಸರದ ಟಿಂಕರ್ ನಡುವಿನ ವ್ಯತ್ಯಾಸವೆಲ್ಲ ಈ ಉತ್ತರದಲ್ಲಿದೆ. ಕೊಂಡಿಯನ್ನು ಬಡಿದು ಬಗ್ಗಿಸಿದರೆ ಬಾಗಿಲು ಅವತ್ತಿಗೆ ಮುಚ್ಚುತ್ತದೆ. ಆದರೆ ಪ್ರತಿ ಸಲ ಮುಚ್ಚುವಾಗಲೂ ಲಾಕು ಬಾಗಿಲನ್ನು ಪಕ್ಕಕ್ಕೆ ಎಳೆಯುತ್ತಿರುತ್ತದೆ. ಕೊಂಡಿಯ ಕೆಲಸ ಬಾಗಿಲನ್ನು ಹಿಡಿದಿಡುವುದು, ಜಾಗ ತೋರಿಸುವುದಲ್ಲ. ಜಾಗ ತೋರಿಸಬೇಕಾದ್ದು ಕೀಲು. ಆದ್ದರಿಂದ ಕಸುಬು ಬಲ್ಲವರು ಮೊದಲು ಕೊಂಡಿಯ ಬೋಲ್ಟನ್ನೇ ಬಿಚ್ಚಿ ಪಕ್ಕಕ್ಕಿಡುತ್ತಾರೆ. ಆಮೇಲೆ ಬಾಗಿಲನ್ನು ಮೆಲ್ಲಗೆ ಇಳಿಸಿ, ತನ್ನಷ್ಟಕ್ಕೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ನೋಡುತ್ತಾರೆ. ಲಾಕಿನ ಎಳೆತ ಇಲ್ಲದಾಗ ಬಾಗಿಲು ಸರಿಯಾಗಿ ಕೂತರೆ ತಪ್ಪು ಕೊಂಡಿಯದು. ಆಗಲೂ ಸೊಟ್ಟಗೇ ನಿಂತರೆ ಮೇಲೆ ಕೈ ಹಾಕಬೇಕು.

ಕೀಲಿನ ಬೋಲ್ಟುಗಳು ಅನೇಕ ಕಾರುಗಳಲ್ಲಿ ಮಾಡಿನ ಒಳಬಟ್ಟೆಯ ಹಿಂದೆ ಅಡಗಿರುತ್ತವೆ. ಬೀಡಿಂಗನ್ನು ಮೇಲಂಚಿನಲ್ಲಿ ಕಿತ್ತು, ಬಟ್ಟೆಯ ಹಲಗೆಯನ್ನು ಮಡಿಕೆ ಬೀಳದ ಹಾಗೆ ಕೆಳಗೆ ಬಗ್ಗಿಸಿದರೆ ಪಾನಾ ಹೋಗುವಷ್ಟು ಜಾಗ ಸಿಗುತ್ತದೆ. ಪಾನಾ ಹಾಕುವ ಮುಂಚೆ ಒಂದು ಸಣ್ಣ ಕೆಲಸವಿದೆ. ಕೀಲಿನ ಸುತ್ತ ಮಾರ್ಕರಿನಲ್ಲಿ ಗೆರೆ ಎಳೆಯುವುದು. ಈ ಗೆರೆ ಇಲ್ಲದಿದ್ದರೆ ಎಷ್ಟು ಸರಿಸಿದೆವು ಎಂಬ ಲೆಕ್ಕವೇ ಇರುವುದಿಲ್ಲ, ಹಳೆಯ ಜಾಗಕ್ಕೆ ಮರಳುವ ದಾರಿಯೂ ಇರುವುದಿಲ್ಲ. ಬೋಲ್ಟಿನ ತೂತುಗಳನ್ನು ಕಂಪನಿಯವರೇ ಬೋಲ್ಟಿಗಿಂತ ಸ್ವಲ್ಪ ದೊಡ್ಡದಾಗಿ ಬಿಟ್ಟಿರುತ್ತಾರೆ. ಆ ಸಡಿಲದಲ್ಲೇ ಹೊಂದಾಣಿಕೆ ನಡೆಯಬೇಕು. ಬೋಲ್ಟನ್ನು ಪೂರ್ತಿ ಬಿಚ್ಚುವಂತಿಲ್ಲ. ಕೈಯಿಂದ ಒತ್ತಿದರೆ ಸರಿಯುವಷ್ಟು, ಬಿಟ್ಟರೆ ನಿಲ್ಲುವಷ್ಟು ಸಡಿಲಿಸಬೇಕು. ಕೆಳಗೆ ಒಬ್ಬರು ಬಾಗಿಲು ಹಿಡಿದಿರುತ್ತಾರೆ, ಮೇಲೆ ಒಬ್ಬರು ಅಂಗೈಯಿಂದ ಒತ್ತುತ್ತಾರೆ. ಒಂದು ಕೀಲು ಕೂದಲೆಳೆಯಷ್ಟು ತಗ್ಗಿದರೂ ಕೆಳಗಿನ ಅಂಚು ಅದಕ್ಕಿಂತ ಹೆಚ್ಚು ಪಕ್ಕಕ್ಕೆ ವಾಲುತ್ತದೆ. ಹಾಗಾಗಿ ಒಂದೇ ಸಲಕ್ಕೆ ಎರಡೂ ಕೀಲುಗಳನ್ನು ಸಡಿಲಿಸುವವರನ್ನು ಕಂಡರೆ ಹಳಬರಿಗೆ ಆಗುವುದಿಲ್ಲ.

ಇದೇ ಶೆಡ್ಡುಗಳಲ್ಲಿ ಟ್ರೇಲರಿನ ಕೆಲಸವೂ ನಡೆಯುವುದುಂಟು. ಟ್ರೇಲರಿನ ತಗಡು ಹಲವು ಮಿಲಿಮೀಟರ್ ದಪ್ಪ, ದೊಡ್ಡ ಸುತ್ತಿಗೆಯನ್ನೂ ತಡೆಯುತ್ತದೆ. ಕಾರಿನ ಹೊರತಗಡು ಮುಕ್ಕಾಲು ಮಿಲಿಮೀಟರ್ ಆಸುಪಾಸು. ಬೆಳಿಗ್ಗೆ ಟ್ರೇಲರ್ ಬಡಿದ ಕೈ ಮಧ್ಯಾಹ್ನ ಕಾರಿನ ಮೇಲೆ ಅಂಗೈ ಆಡಿಸಿ ಉಬ್ಬುತಗ್ಗು ಪತ್ತೆ ಹಚ್ಚಬೇಕು. ಕಣ್ಣಿಗೆ ಕಾಣದ ತಗ್ಗು ಬೆರಳಿಗೆ ಸಿಗುತ್ತದೆ. ನನಗೆ ಈ ಕಸುಬಿನಲ್ಲಿ ಅತ್ಯಂತ ಗೌರವ ಹುಟ್ಟಿಸಿದ ಸಂಗತಿ ಇದೇ.

ಕೀಲಿನ ನಂತರ ರಬ್ಬರ್ ಗುಂಡಿಗಳು. ಬಾಗಿಲಿನ ಕೆಳಮೂಲೆಗಳಲ್ಲಿ ಇರುವ ಇವುಗಳಲ್ಲಿ ಹಲವು ತಿರುಪಿನ ಹಾಗೆ ಒಳಗೂ ಹೊರಗೂ ತಿರುಗುತ್ತವೆ. ಬಾಗಿಲು ಮುಚ್ಚಿದಾಗ ಅದರ ಮೂಲೆ ಪಕ್ಕದ ತಗಡಿನ ಮಟ್ಟಕ್ಕೆ ಬರುವುದು ಇವುಗಳಿಂದ. ಕೊನೆಯಲ್ಲಿ ಕೊಂಡಿ. ಅದನ್ನು ಕೈಬಿಗಿ ಮಾಡಿ, ಬಾಗಿಲನ್ನು ಒಮ್ಮೆ ನಿಧಾನ ಮುಚ್ಚಿ, ಲಾಕು ತನ್ನ ಜಾಗವನ್ನು ತಾನೇ ಹುಡುಕಿಕೊಂಡ ಮೇಲೆ ಪಾನಾದಿಂದ ಬಿಗಿಯುತ್ತಾರೆ.

ಗ್ಯಾಸಿನ ಡಿಕ್ಕಿ ಶಾಕಪ್ಪುಗಳ ವಿಷಯದಲ್ಲಿ ನಮ್ಮ ಬಿಸಿಲು ಮೋಸ ಮಾಡುತ್ತದೆ. ಆ ಕೊಳವೆಗಳಲ್ಲಿ ಇರುವುದು ಒತ್ತಿ ತುಂಬಿದ ನೈಟ್ರೋಜನ್. ಶಾಖ ಏರಿದಂತೆ ಅದರ ಒತ್ತಡವೂ ಏರುತ್ತದೆ. ಏಪ್ರಿಲ್‌ನ ಮಧ್ಯಾಹ್ನ ನಲವತ್ತು ಡಿಗ್ರಿ ದಾಟಿದಾಗ ಸೋತ ಶಾಕಪ್ಪು ಕೂಡ ಬಾಗಿಲನ್ನು ಎತ್ತಿ ನಿಲ್ಲಿಸುತ್ತದೆ. ಅದೇ ಕಾರು ಡಿಸೆಂಬರಿನ ನಸುಕಿನಲ್ಲಿ ಬಾಗಿಲನ್ನು ತಲೆಯ ಮೇಲೆ ಬಿಡುತ್ತದೆ. ಎರಡರಲ್ಲಿ ಒಂದು ಸೋತರೆ ಇನ್ನೊಂದು ಬಾಗಿಲನ್ನು ಒಂದೇ ಕಡೆಯಿಂದ ತಳ್ಳಿ ಕೀಲನ್ನು ವರ್ಷಗಟ್ಟಲೆ ತಿರುಚುತ್ತಿರುತ್ತದೆ. ಆದ್ದರಿಂದ ಜೋಡಿಯಾಗಿಯೇ ಬದಲಿಸಬೇಕು. ಹಳೆಯದನ್ನು ಕತ್ತರಿಸುವುದು, ಬೆಂಕಿಗೆ ಹಿಡಿಯುವುದು ಪ್ರಾಣಕ್ಕೇ ಅಪಾಯ.

ಕೂರಿಸಿದ ಬಾಗಿಲು ನಿಜವಾಗಿ ಕೂತಿದೆಯೇ? ನೋಟಿನಗಲದ ಕಾಗದದ ಪಟ್ಟಿಯನ್ನು ಬೀಡಿಂಗಿನ ಮೇಲಿಟ್ಟು ಬಾಗಿಲು ಮುಚ್ಚಿ ಎಳೆಯುತ್ತಾರೆ. ಬಿಗಿಯಾಗಿ ಬಂದರೆ ಸರಿ, ಸರಕ್ಕನೆ ಬಂದರೆ ಅಲ್ಲಿ ರಬ್ಬರ್ ತಾಗಿಲ್ಲ. ಹೀಗೆ ಸುತ್ತಲೂ, ಗೇಣಿಗೊಂದು ಕಡೆ. ಬೀಡಿಂಗಿಗೆ ಚಾಕ್‌ಪೀಸ್ ಉಜ್ಜಿ ಬಾಗಿಲು ಮುಚ್ಚಿ ತೆರೆದರೆ ಬಾಗಿಲಿನ ಒಳಗೆ ಬಿಳಿ ಗೆರೆ ಮೂಡುತ್ತದೆ. ಗೆರೆ ಎಲ್ಲಿ ಕಡಿಯಿತೋ ಅಲ್ಲಿಂದ ಧೂಳು ಬರುತ್ತದೆ. ಆಮೇಲೆ ಪೈಪಿನಿಂದ ನೀರು.

ಧೂಳು ಬರುವುದು ಬಟ್ಟೆ ಕೊಳೆಯಾಗುವಷ್ಟಕ್ಕೆ ನಿಲ್ಲುವ ವಿಷಯವಲ್ಲ. ನೆಟ್ಟನೆಯ ಹಿಂಭಾಗದ ಕಾರು ಓಡುವಾಗ ಅದರ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆಯಾಗಿ, ರಸ್ತೆಯ ಧೂಳೂ ಸೈಲೆನ್ಸರಿನ ಹೊಗೆಯೂ ಸುರುಳಿಯಾಗಿ ಹಿಂದಿನ ಗಾಜಿನ ಕಡೆಗೇ ಬರುತ್ತವೆ. ಹ್ಯಾಚ್‌ಬ್ಯಾಕುಗಳಿಗೆ ಹಿಂದೆಯೂ ವೈಪರ್ ಇಡುವುದು ಇದಕ್ಕೇ. ಬೀಡಿಂಗ್ ಬಿಟ್ಟುಕೊಂಡ ಜಾಗದಿಂದ ಆ ಹೊಗೆ ಒಳಸೇರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಲಿಂಗಸುಗೂರಿನಿಂದ ಹಟ್ಟಿಯ ಚಿನ್ನದ ಗಣಿಗೋ, ಅಶೋಕನ ಶಾಸನ ನೋಡಲು ಮಸ್ಕಿಗೋ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುವವರು, ಒಳಗೆ ಧೂಳು ಕಂಡರೆ ಹೊಗೆಯೂ ಬರುತ್ತಿದೆ ಎಂದೇ ತಿಳಿಯಬೇಕು. ಪೈಪಿಗಾಗಿ ಡಿಕ್ಕಿ ತೆರೆದಿಟ್ಟುಕೊಂಡು ದೂರ ಓಡಿಸುವುದಂತೂ ಬೇಡವೇ ಬೇಡ.

ಹಿಂದಿನಿಂದ ಜೋರಾಗಿ ಗುದ್ದಿಸಿಕೊಂಡ ಕಾರಿನಲ್ಲಿ ಕೀಲು ಸರಿಸಿ ಪ್ರಯೋಜನವಿಲ್ಲ. ಅಲ್ಲಿ ಬಾಗಿಲಲ್ಲ, ಚೌಕಟ್ಟೇ ಸೊಟ್ಟಗಾಗಿರುತ್ತದೆ. ಟೇಪು ಹಿಡಿದು ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೆ, ಬಲ ಮೇಲ್ಮೂಲೆಯಿಂದ ಎಡ ಕೆಳಮೂಲೆಗೆ ಅಳೆದರೆ ತಿಳಿಯುತ್ತದೆ. ಎರಡೂ ಅಳತೆ ಸಮವಿಲ್ಲದಿದ್ದರೆ ಚೌಕಟ್ಟನ್ನು ಹೈಡ್ರಾಲಿಕ್ ಜಾಕಿನಿಂದ ಎಳೆದು ಸರಿಪಡಿಸಬೇಕು. ಆಗ ಗ್ಯಾಸ್ ವೆಲ್ಡಿಂಗಿನ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುವ ಹಳೆಯ ರೂಢಿ ಈಗಿನ ಕಾರುಗಳಿಗೆ ಸಲ್ಲದು. ಹೆಚ್ಚು ಬಲದ ಉಕ್ಕು ಕಾಯಿಸಿದರೆ ತನ್ನ ಬಲ ಕಳೆದುಕೊಳ್ಳುತ್ತದೆ. ಹೊರಗೆ ಬಣ್ಣ ಹೊಳೆಯುತ್ತದೆ, ಮುಂದಿನ ಏಟಿಗೆ ಒಳಗಿನ ಕಂಬ ನಿಲ್ಲುವುದಿಲ್ಲ. ಇಂಥ ಕೆಲಸವನ್ನು ‘ಇದು ನನ್ನ ಶೆಡ್ಡಿನಲ್ಲಿ ಆಗೋದಲ್ಲರಿ’ ಎಂದು ದೊಡ್ಡ ವರ್ಕ್‌ಷಾಪಿಗೆ ಕಳಿಸುವವರೇ ನಂಬಬೇಕಾದ ಟಿಂಕರ್.

ವಿಮೆ ಇದ್ದರೂ ಜನ ಏಕೆ ಈ ಶೆಡ್ಡುಗಳಿಗೇ ಬರುತ್ತಾರೆ? ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಕಾರಿನ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಶೇ 20 ರಿಯಾಯಿತಿ, ಐದು ವರ್ಷಕ್ಕೆ ಅದು ಶೇ 50. ಒಂದು ಸಣ್ಣ ಕ್ಲೇಮಿಗೆ ಅಷ್ಟೂ ಸೊನ್ನೆ. 1500 ಸಿಸಿವರೆಗಿನ ಕಾರಿಗೆ ಮೊದಲ ₹1,000 ಹೇಗೂ ನಮ್ಮದೇ ಜೇಬಿನಿಂದ. ಸಾದಾ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಸಿಗುವುದು ಅರ್ಧ ಬೆಲೆ. ಡಿಕ್ಕಿ ಕೂರಿಸುವಂಥ ಕೆಲಸಕ್ಕೆ ಕ್ಲೇಮ್ ಮಾಡುವುದು ನಷ್ಟವೇ.

ಹೀಗೆ ಸಾವಿರಾರು ಕುಟುಂಬಗಳು ನೆಚ್ಚಿಕೊಂಡ ಕಸುಬಿಗೆ ಸರ್ಕಾರದ ಪಟ್ಟಿಯಲ್ಲಿ ಜಾಗ ಸಿಕ್ಕಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರರಿದ್ದಾರೆ, ಸುತ್ತಿಗೆ ಮತ್ತು ಹತಾರ ಮಾಡುವವರಿದ್ದಾರೆ. ಆ ಸುತ್ತಿಗೆ ಹಿಡಿದು ಕಾರಿನ ತಗಡು ತಿದ್ದುವ ಟಿಂಕರ್ ಇಲ್ಲ. ಹತಾರಕ್ಕೆಂದು ಅಲ್ಲಿ ಕೊಡುವ ₹15,000 ಇವರಿಗೆ ಬಂದಿದ್ದರೆ ತಗಡಿನ ಹಿಂಬದಿಗೆ ಹಿಡಿಯುವ ಒಳ್ಳೆಯ ಡಾಲಿ, ಸುತ್ತಿಗೆಗಳ ಸೆಟ್ಟು ಬರುತ್ತಿತ್ತು, ಕಣ್ಣು ಕಾಯುವ ಕನ್ನಡಕವೂ ಬರುತ್ತಿತ್ತು. ಐಟಿಐಗಳಲ್ಲಿ ‘ಮೆಕ್ಯಾನಿಕ್ ಆಟೋ ಬಾಡಿ ರಿಪೇರಿ’ ಎಂಬ ಒಂದು ವರ್ಷದ ಕೋರ್ಸು ದೇಶದ ಪಠ್ಯಕ್ರಮದಲ್ಲಿದೆ. ಅದು ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲ್ಲೂಕುಗಳ ಹುಡುಗರ ಕೈಗೆಟುಕಬೇಕು. ಹೆಚ್ಚು ಬಲದ ಉಕ್ಕಿನ ಗುಣ, ಹೊಸ ವೆಲ್ಡಿಂಗ್, ಬಣ್ಣದ ಹೊಗೆಯಿಂದ ಶ್ವಾಸಕೋಶ ಕಾಪಾಡಿಕೊಳ್ಳುವ ಬಗೆ ಇವನ್ನು ಅಲ್ಲಿ ಕಲಿತು, ಅಂಗೈಯ ವಿದ್ಯೆಯನ್ನು ಉಸ್ತಾದರ ಹತ್ತಿರ ಕಲಿಯಲಿ.

ಡಿಕ್ಕಿ ಕೂರಿಸಿಕೊಂಡು ಹೋದವರು ಎಂಟು ದಿನ ಓಡಿಸಿದ ಮೇಲೆ ಕಾರನ್ನು ಮತ್ತೆ ಅದೇ ಶೆಡ್ಡಿಗೆ ಒಯ್ಯಬೇಕು. ಹೊಸ ಬೀಡಿಂಗ್ ಹಾಕಿಸಿದ್ದರೆ ಅದು ಅಷ್ಟರಲ್ಲಿ ಒತ್ತಿ ಹೊಂದಿಕೊಂಡಿರುತ್ತದೆ, ಕೀಲಿನ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಬೇಕಾಗುತ್ತದೆ. ಬಣ್ಣ ಉಜ್ಜಿ ಹೋದ ಅಂಚಿಗೆ ಪ್ರೈಮರ್ ಹೊಡೆಸುವುದನ್ನು ಮಾತ್ರ ಎಂಟು ದಿನ ಮುಂದೂಡಬೇಡಿ, ಅವತ್ತೇ ಹೊಡೆಸಿ.