ಮೊಬೈಲಿನ ಪರಿವಾರ

'ಮೂಗಿಗಿಂತ ಮೂಗುತಿ ಭಾರ' ಎಂಬ ಗಾದೆ ಇಂದಿನ ಮೊಬೈಲಿಗೆ ಚೆನ್ನಾಗಿ ಒಪ್ಪುತ್ತದೆ. ಫೋನು ಕೊಂಡರೆ ಖರ್ಚು ತೀರಿತೆಂದು ಗೃಹಸ್ಥನು ಎಣಿಸುತ್ತಾನೆ. ಖರ್ಚು ಆರಂಭವಾಗುವುದೇ ಅಲ್ಲಿಂದ. ಚಾರ್ಜರು, ಕೇಬಲ್ಲು, ಕವರು, ಗಾಜು, ಪವರ್ ಬ್ಯಾಂಕು, ಇಯರ್‌ಫೋನು, ಸ್ಟ್ಯಾಂಡು ಹೀಗೆ ಒಂದು ಪರಿವಾರವೇ ಅದರ ಹಿಂದೆ ಮನೆಗೆ ಬರುತ್ತದೆ. ಸಂಜೆ ಸೀತಾಬರ್ಡಿಯ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಇವೆಲ್ಲ ರಾಶಿರಾಶಿಯಾಗಿ ಕಣ್ಣಿಗೆ ಬೀಳುತ್ತವೆ. ತುಟ್ಟಿಯದೂ ಉಂಟು, ಸೋವಿಯದೂ ಉಂಟು. ತಿಂಗಳ ಸಂಬಳವನ್ನು ಲೆಕ್ಕ ಹಾಕಿ ಖರ್ಚು ಮಾಡುವ ನಮ್ಮಂಥವರು ಯಾವುದಕ್ಕೆ ರೊಕ್ಕ ಹಾಕಬೇಕು, ಯಾವುದನ್ನು ಬಿಡಬೇಕು?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ವಿದ್ಯುತ್ತು ಹರಿಯುವ ವಸ್ತುವಿನಲ್ಲಿ ಉಳಿತಾಯ ಬೇಡ, ಅಲಂಕಾರದ ವಸ್ತುವಿನಲ್ಲಿ ಎಷ್ಟು ಉಳಿಸಿದರೂ ನಷ್ಟವಿಲ್ಲ.

ಮೊದಲು ಚಾರ್ಜರು

ಹಿಂದೆ ಫೋನಿನ ಡಬ್ಬಿಯಲ್ಲಿಯೇ ಚಾರ್ಜರು ಬರುತ್ತಿತ್ತು. 2020ರಲ್ಲಿ ಆ್ಯಪಲ್ ಕಂಪನಿ ತನ್ನ ಡಬ್ಬಿಯಿಂದ ಅದನ್ನು ತೆಗೆಯಿತು. ಮರುವರ್ಷ ಸ್ಯಾಮ್‌ಸಂಗ್ ತನ್ನ ತುಟ್ಟಿ ಫೋನುಗಳಲ್ಲಿ ಅದೇ ದಾರಿ ಹಿಡಿಯಿತು. ಹೀಗಾಗಿ ಆಯ್ಕೆಯ ಹೊಣೆ ಗ್ರಾಹಕನ ತಲೆಗೆ ಬಂದಿದೆ. ಒಳ್ಳೆಯ ಚಾರ್ಜರೂ ಕೆಟ್ಟದ್ದೂ ಹೊರಗಿನಿಂದ ಒಂದೇ ತೆರನಾಗಿ ಕಾಣುತ್ತವೆ, ಭೇದವಿರುವುದು ಒಳಗೆ. ಗೋಡೆಯ 230 ವೋಲ್ಟನ್ನು 5 ಅಥವಾ 9 ವೋಲ್ಟಿಗೆ ಇಳಿಸುವಾಗ ಆ ಎರಡು ಬದಿಗಳ ನಡುವೆ ತಕ್ಕಷ್ಟು ಅಂತರ ಇರಬೇಕು, ವಿದ್ಯುತ್ತು ದಾಟದಂತೆ ತಡೆಯೂ ಇರಬೇಕು. ಕಳಪೆ ಮಾಲಿನಲ್ಲಿ ಜಿಪುಣತನ ನಡೆಯುವುದು ಅಲ್ಲಿಯೇ. ಆ ತಡೆ ಒಡೆದರೆ ಗೋಡೆಯ ವಿದ್ಯುತ್ತು ಫೋನಿಗೂ, ಅದನ್ನು ಹಿಡಿದ ಕೈಗೂ ಬರಬಹುದು. ಮಕ್ಕಳಿರುವ ಮನೆಯವರು ಇದನ್ನು ಮರೆಯಬಾರದು.

ನಮ್ಮ ದೇಶದಲ್ಲಿ ಮೊಬೈಲ್ ಚಾರ್ಜರಿಗೂ ಪವರ್ ಬ್ಯಾಂಕಿಗೂ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ವಸ್ತುವಿನ ಮೈಮೇಲೆ ಬ್ಯೂರೋದ ಗುರುತೂ, 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇದೆಯೇ ನೋಡಿರಿ. 'ಬಿ.ಐ.ಎಸ್. ಕೇರ್' ಎಂಬ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಅದು ಯಾರದೆಂಬುದು ತಿಳಿಯುತ್ತದೆ. ಅಂಗಡಿಯವನ ಎದುರಿನಲ್ಲಿಯೇ ನೋಡಿರಿ. ಬದನೆಕಾಯಿಯನ್ನು ತಿರುಗಿಸಿ ನೋಡಿ ಕೊಳ್ಳುವ ನಮಗೆ ಇಲ್ಲಿ ಸಂಕೋಚವೇಕೆ?

ಹೆಚ್ಚು ವಾಟಿನ ಚಾರ್ಜರಿನಿಂದ ಫೋನು ಸುಟ್ಟೀತೆಂಬ ಭಯ ಹಲವರಿಗಿದೆ. ಚಾರ್ಜರು ಒಳ್ಳೆಯದಾಗಿದ್ದರೆ ಈ ಭಯಕ್ಕೆ ಕಾರಣವಿಲ್ಲ. ಪಾತ್ರೆ ದೊಡ್ಡದೆಂದು ಊಟಕ್ಕೆ ಕುಳಿತವನು ಹೆಚ್ಚು ಉಣ್ಣುವುದಿಲ್ಲ. ಫೋನೂ ತನಗೆ ಬೇಕಾದಷ್ಟನ್ನೇ ಕೇಳಿ ಪಡೆಯುತ್ತದೆ. 2023ರ ಐಫೋನ್ 15ರಿಂದ ಆ್ಯಪಲ್ ಕೂಡ 'ಟೈಪ್-ಸಿ' ರಂಧ್ರಕ್ಕೆ ಬಂದಿದೆ; ಯುರೋಪಿನ ಒಕ್ಕೂಟವು 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಅದನ್ನು ಕಡ್ಡಾಯ ಮಾಡಿದೆ. ಆದ್ದರಿಂದ ಹೊಸ ಫೋನುಗಳಿರುವ ಮನೆಯಲ್ಲಿ ತಲೆಗೊಂದು ಚಾರ್ಜರು ಬೇಕಿಲ್ಲ, 'ಪಿ.ಡಿ.' ಎಂದು ಬರೆದಿರುವ ಒಳ್ಳೆಯವು ಎರಡಿದ್ದರೆ ಸಂಸಾರ ಸಾಗುತ್ತದೆ. ಕೆಲವು ಕಂಪನಿಗಳ ಫೋನು ತಮ್ಮದೇ ಚಾರ್ಜರಿನಿಂದ ಮಾತ್ರ ಪೂರ್ತಿ ವೇಗದಲ್ಲಿ ತುಂಬುತ್ತದೆ. ಬೇರೆಯದರಿಂದ ತುಸು ನಿಧಾನ, ಅಷ್ಟೇ.

ನಾಗಪುರದ ಬಿಸಿಲು

ಧಾರವಾಡದ ತಂಪಿನಲ್ಲಿ ನಡೆಯುವ ಲೆಕ್ಕ ವಿದರ್ಭದಲ್ಲಿ ನಡೆಯದು. ಮೊಬೈಲಿನ ಲಿಥಿಯಂ ಬ್ಯಾಟರಿಯ ಆಯುಷ್ಯವನ್ನು ತಿನ್ನುವುದು ಸೆಕೆ. ಆ್ಯಪಲ್ ತನ್ನ ಫೋನನ್ನು 35 ಡಿಗ್ರಿಯೊಳಗಿನ ಹವೆಯಲ್ಲಿ ಬಳಸಿರೆಂದು ಹೇಳುತ್ತದೆ. ಇಲ್ಲಿಯ ಮೇ ತಿಂಗಳ ಮಧ್ಯಾಹ್ನ 45ನ್ನು ದಾಟುವುದುಂಟು. 'ನವತಪಾ' ಎಂದು ಕರೆಯುವ ಮೇ ಕೊನೆಯ ಆ ಒಂಬತ್ತು ದಿನಗಳಲ್ಲಂತೂ ಗೋಡೆಯೇ ಬಿಸಿಯುಸಿರು ಬಿಡುತ್ತದೆ. ಆದಕಾರಣ ಮೂಲೆಗಳನ್ನೂ ಕ್ಯಾಮರಾವನ್ನೂ ಕಾಯುವಂತೆ ಅಂಚು ತುಸು ಎತ್ತರವಿರುವ ಸಾದಾ ಕವರೇ ಸಾಕು. ಚಾರ್ಜು ಮಾಡುವಾಗ ಫೋನು ಬಿಸಿಯಾದರೆ ಕವರನ್ನು ಕಳಚಿಡಿರಿ. ದಿಂಬಿನ ಕೆಳಗಂತೂ ಇಡಬೇಡಿರಿ. ತಂತಿಯಿಲ್ಲದ ಚಾರ್ಜರು ನೋಡಲು ಚೆಂದ. ಆದರೆ ಅದರಲ್ಲಿ ವಿದ್ಯುತ್ತಿನ ಒಂದು ಪಾಲು ಶಾಖವಾಗಿ ಹೋಗುತ್ತದೆ.

ಪರದೆಯ ಗಾಜಿನ ಮೇಲೆ '9 ಎಚ್' ಎಂದು ದೊಡ್ಡದಾಗಿ ಬರೆದಿರುತ್ತಾರೆ. ಇದು ಪೆನ್ಸಿಲಿನ ಗಡಸುತನದ ಅಳತೆ, ವಜ್ರದ್ದಲ್ಲ. ಬೇಸಿಗೆಯ ಧೂಳಿನಲ್ಲಿರುವ ಮರಳು ಅದನ್ನೂ ಗೀರುತ್ತದೆ. ಸಾಧಾರಣ ಗಾಜು ಹಾಕಿಸಿ, ಒಡೆದಾಗ ಬದಲಿಸುವುದೇ ಜಾಣತನ.

ಸ್ಕೂಟರಿನ ಹಿಡಿಕೆಗೆ ಫೋನು ಸಿಕ್ಕಿಸುವವರಿಗೂ ಒಂದು ಮಾತು. ಮೋಟಾರ್ ಸೈಕಲ್ಲಿನ ನಡುಕ ಕ್ಯಾಮರಾಕ್ಕೆ ಹಾನಿ ಮಾಡಬಹುದೆಂದು ಆ್ಯಪಲ್ 2021ರಲ್ಲಿ ಎಚ್ಚರಿಸಿತು. ನಡುಕವನ್ನು ಹೀರುವ ರಬ್ಬರಿನ ಹಿಡಿ ಕೊಳ್ಳಿರಿ. ಬಿಸಿಲಿನಲ್ಲಿ ಫೋನನ್ನು ಜೇಬಿಗಿಳಿಸಿರಿ.

ಪ್ರಯಾಣದ ಸಂಗಾತಿ

ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೊರಟವರಿಗೆ ಪವರ್ ಬ್ಯಾಂಕು ನಿಜವಾದ ಆಸರೆ. 10,000 ಎಂ.ಎ.ಎಚ್. ಎಂದು ಬರೆದದ್ದೆಲ್ಲ ಫೋನಿಗೆ ಸೇರುವುದಿಲ್ಲ. ಆ ಸಂಖ್ಯೆ ಒಳಗಿನ ಬ್ಯಾಟರಿಯದು. ಹೊರಗೆ ಸಿಗುವುದು ಸುಮಾರು ಆರು ಸಾವಿರ. ಚಿಕ್ಕಕ್ಷರದಲ್ಲಿರುವ 'ರೇಟೆಡ್ ಕೆಪಾಸಿಟಿ'ಯನ್ನು ಓದಿರಿ. ವಿಮಾನದಲ್ಲಿ ಹೋಗುವವರು ಅದನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ. ಉಬ್ಬಿದ ಪವರ್ ಬ್ಯಾಂಕನ್ನು ಎಷ್ಟೇ ತುಟ್ಟಿಯದಾಗಿದ್ದರೂ ಆ ದಿನವೇ ಬಿಟ್ಟುಬಿಡಿರಿ. ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಪಡೆಯುವವರಿಗೆ ಕೊಡಿರಿ.

ನಿಲ್ದಾಣಗಳಲ್ಲಿ ಯಾರದೋ ಕೇಬಲ್ಲಿಗೆ ಫೋನು ಸಿಕ್ಕಿಸುವ ಅಭ್ಯಾಸವೂ ಒಳ್ಳೆಯದಲ್ಲ. ಆ ಕೇಬಲ್ಲಿನ ಮೂಲಕವೇ ಫೋನಿನೊಳಗಿನ ಮಾಹಿತಿಯನ್ನು ಕದಿಯಬಹುದೆಂದು ರಿಜರ್ವ್ ಬ್ಯಾಂಕು 2022ರಲ್ಲಿ ಹೊರತಂದ ಕೈಪಿಡಿಯಲ್ಲಿ ಎಚ್ಚರಿಸಿದೆ. ಇಂದು ಫೋನೇ ನಮ್ಮ ಹಣದ ಚೀಲ. ಸ್ವಂತ ಚಾರ್ಜರು ಜೊತೆಗಿರಲಿ.

ಊರಿನ ಹಿರಿಯರಿಗೆ

ಇಯರ್‌ಫೋನಿನ ವಿಷಯದಲ್ಲಿ ಮಕ್ಕಳ ಮೇಲೆ ಕಣ್ಣಿರಲಿ. ವಿಶ್ವ ಆರೋಗ್ಯ ಸಂಸ್ಥೆಯು ಮಕ್ಕಳಿಗೆ 75 ಡೆಸಿಬೆಲಿನ ಮಟ್ಟದಲ್ಲಿ ವಾರಕ್ಕೆ 40 ಗಂಟೆಯ ಮಿತಿಯನ್ನು ಹೇಳಿದೆ. ಸದ್ದು ಹೆಚ್ಚಿದಂತೆ ಈ ಕಾಲ ಬೇಗ ಕರಗುತ್ತದೆ.

ಪರಊರಿನಲ್ಲಿರುವ ನಮಗೆ ಈ ಯಂತ್ರ ಆಟಿಕೆಯಲ್ಲ. ಊರಿನಲ್ಲಿ ಅಜ್ಜಿ ಮೊಮ್ಮಗನ ಮುಖ ನೋಡುವುದೂ ಇದರಲ್ಲಿಯೇ, ಮೊಮ್ಮಗ ಅಜ್ಜಿಯ ಕನ್ನಡ ಕೇಳುವುದೂ ಇದರಲ್ಲಿಯೇ. ನಡುಗುವ ಕೈಯಲ್ಲಿ ಫೋನು ಹಿಡಿದು ಅಜ್ಜಿ ಎಷ್ಟು ಹೊತ್ತು ಮಾತನಾಡಿಯಾರು? ಮುಂದಿನ ಸಲ ಊರಿಗೆ ಹೋಗುವಾಗ ಕಿತ್ತಳೆಯ ಬುಟ್ಟಿ, ಸಂತ್ರಾ ಬರ್ಫಿಯ ಜೊತೆಗೆ ಅವರಿಗೆ ಒಂದು ಗಟ್ಟಿ ಸ್ಟ್ಯಾಂಡನ್ನೂ, ನೋಂದಣಿಯಿರುವ ಒಂದು ಚಾರ್ಜರನ್ನೂ ಒಯ್ಯಿರಿ. ಹಾಸಿಗೆಯ ಪಕ್ಕದಲ್ಲಿ ಎರಡನ್ನೂ ಜೋಡಿಸಿಟ್ಟು, ಒಮ್ಮೆ ಮಾಡಿ ತೋರಿಸಿ ಬನ್ನಿರಿ. ಈ ಪರಿವಾರದಲ್ಲಿ ಅವೆರಡಕ್ಕಿಂತ ಸಾರ್ಥಕವಾದ ಖರ್ಚು ಬೇರೊಂದಿಲ್ಲ.